ಬೀಳಿಸಿದ ಮೇಲೆ ನಾನು ಯಾಕೆ ಹಿಂದೆ ಸರಿಯುತ್ತಿದ್ದೆ

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇದೆ. ವಯಸ್ಸು 39. ಹಗಲೆಲ್ಲ ಪಹಣಿ, ಬಾಡಿಗೆ ಕರಾರು, ಆಧಾರ್ ತಿದ್ದುಪಡಿಯ ಅರ್ಜಿ. ರಾತ್ರಿ ಶಟರ್ ಎಳೆದು ಊಟ ಮುಗಿಸಿದ ಮೇಲೆ ಸ್ಟ್ರೀಟ್ ಫೈಟರ್ 6, ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೋ ಗೇಮ್. ಕಳೆದ ಜೂನ್‌ನಿಂದ ನವೆಂಬರ್‌ವರೆಗೆ ಈ ಆಟದ ಒಂದೇ ಒಂದು ಸಂಗತಿಯ ಬೆನ್ನು ಹತ್ತಿದ್ದೆ. ಎದುರಾಳಿಯನ್ನು ನೆಲಕ್ಕೆ ಕೆಡವಿದ ಮೇಲೆ, ಅವನು ಎದ್ದು ನಿಲ್ಲುವುದರೊಳಗೆ ನಾನು ಏನು ಮಾಡಬೇಕು? ಇಷ್ಟೇ ಪ್ರಶ್ನೆ. ಇದಕ್ಕೆ ಐದು ತಿಂಗಳು, ಇಪ್ಪತ್ತನಾಲ್ಕು ಸಾವಿರ ರೂಪಾಯಿ, ಎರಡು ಸಲ ತಿರಸ್ಕೃತವಾದ ಒಂದು ಕೆ.ವೈ.ಸಿ. ಅರ್ಜಿ ಮತ್ತು ಹೆಂಡತಿಯ ಸಾಕಷ್ಟು ತಾಳ್ಮೆ ಖರ್ಚಾದವು. ಮೊನ್ನೆ ಭಾನುವಾರ ಬೆಂಗಳೂರಿನ ಒಂದು ಪಂದ್ಯಾವಳಿಯಲ್ಲಿ ಎಲ್ಲವೂ ಒಂದು ಹಂತಕ್ಕೆ ಬಂತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮಂಥ ಊರುಗಳಲ್ಲಿ ಜೊತೆಗಾರರಿಲ್ಲದೆ ಒಬ್ಬರೇ ಕೂತು ಕಲಿಯುವವರಿಗೆ ಸ್ವಲ್ಪವಾದರೂ ಅಲೆದಾಟ ತಪ್ಪಲಿ.

ಶುರುವಾದದ್ದು ಅಕ್ಕನ ಮಗನಿಂದ. ಅವನು ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲ್ ಊಟ ಸೇರುವುದಿಲ್ಲವೆಂದು ವಾರಕ್ಕೆ ಮೂರು ದಿನ ನಮ್ಮ ಮನೆಗೆ ಬರುತ್ತಾನೆ, ಬಂದರೆ ಆಡದೆ ಹೋಗುವುದಿಲ್ಲ. ಆಟದ ಪಾತ್ರಗಳಲ್ಲಿ ಅವನು ಆಡುವುದು ಕೆನ್, ನಾನು ರಿಯೂ. ಜೂನ್ ಮೊದಲ ವಾರದ ಒಂದು ಮಳೆ ರಾತ್ರಿ ನಾನು ಸಾಲಾಗಿ ಹದಿನಾಲ್ಕು ಪಂದ್ಯ ಸೋತೆ. ಹದಿನೈದನೆಯದಕ್ಕೆ ಮೊದಲು ಅವನು ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು, “ಮಾವ, ತಪ್ಪು ತಿಳಿಯಬೇಡಿ. ನನ್ನನ್ನು ಬೀಳಿಸಿದಾಗಲೆಲ್ಲ ನೀವು ಎರಡು ಹೆಜ್ಜೆ ಹಿಂದೆ ಹೋಗುತ್ತೀರಲ್ಲ, ಯಾಕೆ?” ಎಂದು ಕೇಳಿದ.

ಹೋಗುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆಡಿದ ಪಂದ್ಯಗಳನ್ನು ಆಟವೇ ಉಳಿಸಿಕೊಂಡಿರುತ್ತದೆ, ತೆರೆದು ನೋಡಿದೆವು. ಹುಡುಗ ಹೇಳಿದ್ದು ನಿಜ. ಕಷ್ಟಪಟ್ಟು ಕಾಲು ಗುಡಿಸಿ ಕೆಡವುತ್ತೇನೆ, ತಕ್ಷಣ ಹಿಂದೆ ಸರಿದು ನಿಲ್ಲುತ್ತೇನೆ, ಓಣಿಯಲ್ಲಿ ಎದುರಾದ ಹಿರಿಯರಿಗೆ ದಾರಿ ಬಿಡುವವನ ಹಾಗೆ. ಅವನು ನಿಧಾನವಾಗಿ ಎದ್ದು, ಮೈ ಕೊಡವಿಕೊಂಡು, ಮತ್ತೆ ಹೊಡೆಯಲು ಬರುತ್ತಾನೆ.

ಈ ಚಾಳಿ ಎಲ್ಲಿಯದೆಂದು ಆ ರಾತ್ರಿ ಮಲಗಿದಾಗ ಹೊಳೆಯಿತು. 1999ರ ಸುಮಾರಿಗೆ ನಮ್ಮೂರ ಬಸ್ ನಿಲ್ದಾಣದ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಒಳಗೆ ಕತ್ತಲೆ, ಬೆವರಿನ ವಾಸನೆ, ಮೂರು ಯಂತ್ರ. ಒಂದರಲ್ಲಿ ಯಾವಾಗಲೂ ಕಿಂಗ್ ಆಫ್ ಫೈಟರ್ಸ್ 97. ಒಂದು ರೂಪಾಯಿ ನಾಣ್ಯ ಹಾಕಿದರೆ ಸೋಲುವ ತನಕ ಆಟ. ಅಲ್ಲಿ ಒಂದು ಬರೆಯದ ಕಾನೂನು ಇತ್ತು: ಬಿದ್ದವನು ಎದ್ದು ನಿಲ್ಲುವ ತನಕ ಹತ್ತಿರ ಹೋಗಬಾರದು, ಹಿಡಿದು ಎಸೆದವನನ್ನು ಮತ್ತೆ ಹಿಡಿದು ಎಸೆಯಬಾರದು. ಮೀರಿದರೆ ಹಿಂದೆ ನಿಂತ ದೊಡ್ಡ ಹುಡುಗರಿಂದ ತಲೆಗೆ ಒಂದು ಮೊಟಕು. ಅಂಗಡಿಯವನಿಗೆ ಮಾತ್ರ ಈ ಧರ್ಮಯುದ್ಧ ಹಿಡಿಸುತ್ತಿರಲಿಲ್ಲ. ಪಂದ್ಯ ಬೇಗ ಮುಗಿದಷ್ಟೂ ಡಬ್ಬಿಗೆ ನಾಣ್ಯ ಬೇಗ ಬೀಳುತ್ತಿತ್ತು. ಹದಿಮೂರನೇ ವಯಸ್ಸಿನಲ್ಲಿ ತಿಂದ ಆ ಮೊಟಕು ಇನ್ನೂ ನನ್ನ ಹೆಬ್ಬೆರಳಿನಲ್ಲಿ ಕೂತಿತ್ತು.

ಹುಡುಗ ನನಗೆ ಕೊಟ್ಟ ಮೊದಲ ಪಾಠ ಒಂದು ಪದ: ಓಕಿಜೆಮೆ. ಜಪಾನಿ ಭಾಷೆಯದು. ‘ಓಕಿ’ ಎಂದರೆ ಏಳುವುದು, ‘ಸೆಮೆ’ ಎಂದರೆ ಆಕ್ರಮಣ. ಎರಡೂ ಕೂಡಿದಾಗ ಸಕಾರ ಹೋಗಿ ಜಕಾರ ಬರುತ್ತದೆ, ನಮ್ಮಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವ ಹಾಗೆ. ಆಡುವವರು ಮೊಟಕಾಗಿ ‘ಓಕಿ’ ಎನ್ನುತ್ತಾರೆ. ಒಂದೊಂದು ಆಟದಲ್ಲಿ ಇದರ ರೂಪ ಒಂದೊಂದು. ಟೆಕ್ಕನ್‌ನಲ್ಲಿ ನೆಲದ ಮೇಲೆ ಮಲಗಿರುವವನಿಗೂ ಏಟು ತಾಗುತ್ತದೆ. ಅವನು ಮಲಗಿಯೇ ಇರಬಹುದು, ಪಕ್ಕಕ್ಕೆ ಅಥವಾ ಹಿಂದಕ್ಕೆ ಉರುಳಬಹುದು, ಒದೆಯುತ್ತಲೇ ಏಳಬಹುದು. ಕಿಂಗ್ ಆಫ್ ಫೈಟರ್ಸ್ 97ರಲ್ಲಿ ನೆಲ ಮುಟ್ಟುವ ಹೊತ್ತಿಗೆ ಎರಡು ಗುಂಡಿ ಒತ್ತಿದರೆ ಪಲ್ಟಿ ಹೊಡೆದು ಬೇಗ ಏಳುತ್ತಿದ್ದೆವು. ಸ್ಟ್ರೀಟ್ ಫೈಟರ್ 6ರಲ್ಲಿ ಮಲಗಿರುವವನನ್ನು ಮುಟ್ಟಲಾಗುವುದಿಲ್ಲ. ಅವನು ಇದ್ದಲ್ಲೇ ಏಳಬಹುದು, ಇಲ್ಲವೇ ಹಿಂದಕ್ಕೆ ಉರುಳಿ ಏಳಬಹುದು. ಹೇಗೆ ಎದ್ದರೂ ತಗಲುವ ಹೊತ್ತು ಒಂದೇ. ಈ ಕೊನೆಯ ಮಾತಿನ ಬೆಲೆ ನನಗೆ ತಿಳಿಯಲು ಆರು ವಾರ ಹಿಡಿಯಿತು.

ಆ ಆರು ವಾರ ನಾನು ಮಾಡಿದ್ದು ಶುದ್ಧ ಮೂರ್ಖತನ. ಹಿಂದೆ ಸರಿಯುವುದನ್ನು ಬಿಟ್ಟೆ, ಸರಿ. ಬದಲಿಗೆ ಬಿದ್ದವನ ಪಕ್ಕದಲ್ಲೇ ನಿಂತು, ಅವನು ಏಳುವುದನ್ನು ಕಣ್ಣಿನಿಂದ ನೋಡಿ, ಎದ್ದ ಕೂಡಲೇ ಹೊಡೆಯಲು ಶುರುಮಾಡಿದೆ. ಬೇಗ ಹೊಡೆದರೆ ನನ್ನ ಏಟು ಗಾಳಿಯಲ್ಲಿ ಹೋಗುತ್ತಿತ್ತು, ಅವನು ಎದ್ದು ನನ್ನನ್ನು ಬಾರಿಸುತ್ತಿದ್ದ. ತಡವಾಗಿ ಹೊಡೆದರೆ ಅವನ ಚಿಕ್ಕ ಗುದ್ದು ಮೊದಲು ತಾಗುತ್ತಿತ್ತು. ಸರಿಯಾಗಿ ಹೊಡೆದೆ ಎನ್ನಿಸಿದಾಗ ಅವನು ಬೆಂಕಿ ಹೊತ್ತಿಸಿಕೊಂಡು, ಶೋರ್ಯೂಕೆನ್ ಎಂಬ ಮೇಲಕ್ಕೆ ಚಿಮ್ಮುವ ಗುದ್ದಿನೊಂದಿಗೆ ಎದ್ದು ನನ್ನ ದವಡೆಗೆ ಬಡಿಯುತ್ತಿದ್ದ. ಹಿಂದೆ ಸರಿಯುತ್ತಿದ್ದಾಗಲಾದರೂ ಮರ್ಯಾದೆಯಿಂದ ಸೋಲುತ್ತಿದ್ದೆ. ಈಗ ನಾನು ಕೆಡವಿದವನೇ ನನ್ನನ್ನು ಕೆಡವುತ್ತಿದ್ದ. ಒಂದು ದಿನ ಸಿಟ್ಟಿಗೆ ಕಂಟ್ರೋಲರನ್ನು ದಿವಾನದ ಮೇಲೆ ಎಸೆದೆ. ಅದು ಪುಟಿದು ಅಪ್ಪನ ಕನ್ನಡಕದ ಮೇಲೆ ಬಿತ್ತು. ಹೊಸ ಗಾಜಿನ ಖರ್ಚನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಕಣ್ಣನ್ನು ನಂಬಬಾರದು ಎನ್ನುವುದು ಜುಲೈ ಕೊನೆಗೆ ಅರ್ಥವಾಯಿತು. ಈ ಆಟ ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ ಓಡುತ್ತದೆ, ಅಂದರೆ ಒಂದು ಫ್ರೇಮ್ ಸೆಕೆಂಡಿನ ಅರವತ್ತನೇ ಒಂದು ಭಾಗ. ಚಿಕ್ಕ ಗುದ್ದು ತಾಗಲು 4 ಫ್ರೇಮ್, ಹಿಡಿದು ಎಸೆಯಲು 5 ಫ್ರೇಮ್ ಸಾಕು. ಇದನ್ನು ನೋಡಿ, ಯೋಚಿಸಿ, ಬೆರಳು ಆಡಿಸಲು ಮನುಷ್ಯರಿಂದ ಆಗುವುದಿಲ್ಲ. ಆದರೆ ಯಾವ ಏಟಿನಿಂದ ಕೆಡವಿದರೆ ಎದುರಾಳಿ ಎಷ್ಟು ಫ್ರೇಮ್ ನೆಲದಲ್ಲಿರುತ್ತಾನೆ ಎನ್ನುವುದು ಮೊದಲೇ ನಿಗದಿಯಾಗಿದೆ. ಹಾಗಾಗಿ ಇದು ನೋಡಿ ಹೊಡೆಯುವ ಕೆಲಸವಲ್ಲ, ಕೂಡಿ ಕಳೆದು ಹೊಡೆಯುವ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ಲೆಕ್ಕ ತಿಳಿಯಲೆಂದು ಮಾತ್ರ. ನಿಮ್ಮ ಪಾತ್ರದವು ಬೇರೆ ಇರುತ್ತವೆ. ಕೆಡವಿದ ಮೇಲೆ ನನಗೆ 40 ಫ್ರೇಮ್ ಬಿಡುವು ಸಿಗುತ್ತದೆ ಎಂದುಕೊಳ್ಳಿ. ಮುಂದಕ್ಕೆ ಒಂದು ಸಲ ಚಿಮ್ಮಿದರೆ 19 ಹೋಯಿತು, ಉಳಿದದ್ದು 21. ನಾನು ಹೊಡೆಯಬೇಕೆಂದಿರುವ ಒದೆ ತಾಗಲು 8 ಫ್ರೇಮ್ ಬೇಕು. 21ರಲ್ಲಿ 8 ಕಳೆದರೆ 13. ಈ 13 ಫ್ರೇಮನ್ನು ಎಲ್ಲಾದರೂ ಸುಡಬೇಕು. ಆಗ ಬೇಕೆಂದೇ ಗಾಳಿಗೆ ಒಂದು ಚಿಕ್ಕ ಗುದ್ದು ಹೊಡೆಯುವುದು. ಆ ಗುದ್ದು ಶುರುವಾಗಿ ಮುಗಿಯುವಷ್ಟರಲ್ಲಿ 13 ಕಳೆದಿರುತ್ತದೆ. ಚಿಮ್ಮು, ಗಾಳಿಗುದ್ದು, ಒದೆ. ಮೂರನ್ನೂ ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದು ಒತ್ತಿದರೆ, ಎದುರಾಳಿ ಕಾಲೂರಿ ನಿಲ್ಲುವ ಮೊದಲ ಫ್ರೇಮಿನಲ್ಲೇ ನನ್ನ ಒದೆ ಅಲ್ಲಿ ಕಾದಿರುತ್ತದೆ. ಅವನು ತಡೆದರೆ ಸರಿ, ಮಾಮೂಲಿ ಏಟಿನ ಯಾವ ಗುಂಡಿ ಒತ್ತಿದರೂ ಅದು ಹುಟ್ಟುವ ಮೊದಲೇ ಏಟು ಬಿದ್ದಿರುತ್ತದೆ. ಕಣ್ಣು ಮುಚ್ಚಿಕೊಂಡೂ ಹೊಡೆಯಬಹುದು. ಒಂದು ರಾತ್ರಿ ಮುಚ್ಚಿಕೊಂಡೇ ಹೊಡೆದು ನೋಡಿದೆ.

ಹೀಗೆ ಏಳುವ ಕ್ಷಣಕ್ಕೆ ಸರಿಯಾಗಿ ಇಡುವ ಏಟಿಗೆ ಆಟಗಾರರು ‘ಮೀಟಿ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಮಾಂಸಕ್ಕೆ ಸಂಬಂಧಿಸಿದ ಪದ. ನನ್ನ ಕಿವಿಗೆ ಮಾತ್ರ ಮೊದಲ ದಿನದಿಂದಲೂ ತಂತಿ ಮೀಟಿದ ಹಾಗೆಯೇ ಕೇಳಿಸಿತು, ಅದೇ ಇಲ್ಲಿ ಹೆಚ್ಚು ಒಪ್ಪುತ್ತದೆ ಎಂದು ನನ್ನ ಪಕ್ಷಪಾತ.

ಅಭ್ಯಾಸಕ್ಕೆ ಆಟದೊಳಗಿನ ತರಬೇತಿ ವಿಭಾಗ ಸಾಕು, ಹಣ ಕೊಟ್ಟು ಯಾರ ಪಾಠಕ್ಕೂ ಸೇರಬೇಡಿ. ಅಲ್ಲಿ ಫ್ರೇಮ್ ಪಟ್ಟಿಯೊಂದು ಇದೆ. ಏಟು ಶುರುವಾಗುವ, ತಾಗುವ, ಚೇತರಿಸಿಕೊಳ್ಳುವ ಹೊತ್ತುಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಎದುರು ನಿಂತ ಗೊಂಬೆಗೆ ‘ಎದ್ದ ಕೂಡಲೇ ಇದನ್ನು ಮಾಡು’ ಎಂದು ಕಲಿಸಿಡಬಹುದು. ಚಿಕ್ಕ ಗುದ್ದು ಹೊಡೆಯಲು ಕಲಿಸಿ, ನಿಮ್ಮ ಒದೆ ಪ್ರತಿ ಸಲವೂ ಅದನ್ನು ಸೋಲಿಸುತ್ತದೆಯೇ ನೋಡಿ. ಹತ್ತಕ್ಕೆ ಹತ್ತು ಬಂದರೆ ಮಾತ್ರ ಮುಂದಿನದು. ನಾನು ಅಂಗಡಿಯ ಹಳೆಯ ಉದ್ರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ‘ಗುಡಿಸು – ಚಿಮ್ಮು – ಗಾಳಿ – ಒದೆ: 7/10’. ಒಮ್ಮೆ ಬಾಕಿ ತೀರಿಸಲು ಬಂದ ವಕೀಲರ ಗುಮಾಸ್ತರು ಅದನ್ನು ಓದಿ ನನ್ನ ಮುಖವನ್ನೇ ನೋಡಿದರು. ವಿವರಿಸಲಿಲ್ಲ.

ನಮ್ಮೂರಿಗೇ ಸೇರಿದ ತೊಂದರೆ ಕರೆಂಟಿನದು. ಆಗಸ್ಟ್ ಮಳೆಯಲ್ಲಿ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು. ಗೊಂಬೆಗೆ ಕಲಿಸಿಟ್ಟಿದ್ದನ್ನು ಉಳಿಸುವ ಮೊದಲೇ ಕತ್ತಲಾಗಿ, ಅರ್ಧ ಗಂಟೆಯ ಕೆಲಸ ಮಣ್ಣುಪಾಲಾದದ್ದು ನಾಲ್ಕು ಸಲ. ಕೊನೆಗೆ ಅಂಗಡಿಯ ಹಳೆಯ ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿ ಮನೆಗೆ ತಂದೆ, 1,400 ರೂಪಾಯಿ. ಇಂಟರ್‌ನೆಟ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿ. ಪಂದ್ಯದ ನಡುವೆ ಸಂಪರ್ಕ ಕಡಿದರೆ ಎದುರಿನವನಿಗೆ ಮಳೆ ಕಾಣುವುದಿಲ್ಲ, ನೀವು ಸೋಲಿಗೆ ಹೆದರಿ ಓಡಿಹೋದಿರಿ ಎಂದುಕೊಳ್ಳುತ್ತಾನೆ.

ಲೆಕ್ಕ ಬಂತು, ಆದರೂ ಗೆಲುವು ಬರಲಿಲ್ಲ. ಪ್ರತಿ ಸಲವೂ ಒದೆಯನ್ನೇ ಇಟ್ಟರೆ ಅಳಿಯ ಸುಮ್ಮನೆ ತಡೆದುಕೊಂಡು ಕೂರುತ್ತಿದ್ದ. ತಡೆಯುವವನನ್ನು ಹಿಡಿದು ಎಸೆಯಬೇಕು ಎಂದು ಗೊತ್ತು, ಆದರೆ ಗುಂಡಿಯ ಮೇಲೆ ಬೆರಳು ಹೋಗುತ್ತಿರಲಿಲ್ಲ. ಬಿದ್ದವನನ್ನು ಎತ್ತಿ ಎಸೆದು, ಅವನು ಏಳುವಾಗ ಮತ್ತೆ ಹಿಡಿದು ಎಸೆಯುವುದು, ಅದೂ ಮೂಲೆಯಲ್ಲಿ! ಈ ಆಟದಲ್ಲಿ ಅದು ಎಷ್ಟು ಬಲವಾಗಿದೆಯೆಂದರೆ ಆಡುವವರಲ್ಲೇ ಅದರ ಬಗ್ಗೆ ದೊಡ್ಡ ಗೊಣಗಾಟವಿದೆ. ನನಗೂ ಅದು ಹೇಡಿಗಳ ಕೆಲಸ ಎನ್ನಿಸುತ್ತಿತ್ತು.

ಬಿಡಿಸಿದ್ದು ಅಪ್ಪ. ಎಪ್ಪತ್ತು ದಾಟಿದ ಅವರು ಪ್ರಾಯದಲ್ಲಿ ಊರಿನ ಗರಡಿಯಲ್ಲಿ ಮಣ್ಣು ಹೊತ್ತವರು. ಹೊಸ ಗಾಜಿನ ಕನ್ನಡಕ ಹಾಕಿಕೊಂಡು ಒಂದು ರಾತ್ರಿ ಹಿಂದೆ ಕೂತು ನೋಡಿದರು. ಬಹಳ ಹೊತ್ತಿನ ಮೇಲೆ, “ಅವನು ಬಿದ್ದಿದ್ದಾನೆ. ನೀನು ಯಾಕೆ ಗೆದ್ದವನ ಹಾಗೆ ನಿಂತಿದ್ದೀಯ?” ಎಂದರು. “ಬಿದ್ದವನನ್ನು ಹೊಡೆಯಬಾರದಲ್ಲ ಅಪ್ಪ” ಎಂದೆ. ಅವರಿಗೆ ನಗು ಬಂತು. “ಮಟ್ಟಿಯಲ್ಲಿ ಬೋರಲು ಬಿದ್ದವನು ಸೋತಿಲ್ಲ ಕಣೋ. ಬೆನ್ನು ಮಣ್ಣಿಗೆ ತಾಗಿ ಚಿತ್ ಆಗಬೇಕು. ಕೆಡವುವುದು ಅರ್ಧ ಕೆಲಸ, ಅವನನ್ನು ಹೊರಳಿಸುವುದು ಉಳಿದರ್ಧ. ಬೋರಲು ಬಿದ್ದ ಪೈಲ್ವಾನನನ್ನು ಬಿಟ್ಟು ಹಿಂದೆ ನಿಂತರೆ ಉಸ್ತಾದರು ನಮಗೇ ಬೈಯುತ್ತಿದ್ದರು, ಅವನಿಗೆ ಅವಮಾನ ಮಾಡಿದೆ ಎಂದು.”

ಅಲ್ಲಿಗೆ ಹೆಬ್ಬೆರಳು ಸಡಿಲವಾಯಿತು. ದಾಳಿ ಮಾಡುವವನಿಗೂ ಅಪಾಯ ಕಡಿಮೆಯಿಲ್ಲ ಎನ್ನುವುದು ಆಮೇಲೆ ಕಾಣತೊಡಗಿತು. ಎದ್ದು ನಿಲ್ಲುವವನ ಕೈಯಲ್ಲಿ ಏನೇನಿದೆ ನೋಡಿ. ತಡೆಯಬಹುದು, ಅದಕ್ಕೆ ಎಸೆತ ಮದ್ದು. ಎಸೆತ ಬರುತ್ತದೆಂದು ಹಾರಬಹುದು. ಅದಕ್ಕೆ ಒದೆ ಮದ್ದು. ತಾನೂ ಎಸೆತದ ಗುಂಡಿ ಒತ್ತಿ ಬಿಡಿಸಿಕೊಳ್ಳಬಹುದು. ಆಗ ಅರ್ಧ ಹೆಜ್ಜೆ ಹಿಂದೆ ಸರಿದರೆ ಅವನ ಕೈ ಗಾಳಿಯನ್ನು ಹಿಡಿಯುತ್ತದೆ, ನೀವು ದೊಡ್ಡ ಏಟು ಹಾಕಬಹುದು. ಇದಕ್ಕೆ ‘ಶಿಮ್ಮಿ’ ಎನ್ನುತ್ತಾರೆ. ನನ್ನ ಹಳೆಯ ಹಿಂಜರಿಕೆಯೇ ಇಲ್ಲಿ ಒಂದು ಪಟ್ಟಾಗಿ ಕೆಲಸಕ್ಕೆ ಬಂತು, ಆದರೆ ಎರಡು ಹೆಜ್ಜೆಯಲ್ಲ, ಅರ್ಧ. ಡ್ರೈವ್ ಪ್ಯಾರಿ ಎಂಬ ವಿಶೇಷ ತಡೆ ಹಿಡಿದುಕೊಂಡರೆ ಅವನಿಗೆ ಒದೆ ತಾಗುವುದಿಲ್ಲ, ಆದರೆ ಹಾಗೆ ಹಿಡಿದುಕೊಂಡವನನ್ನು ಎಸೆದರೆ ಮಾಮೂಲಿಗಿಂತ ಹೆಚ್ಚು ಪೆಟ್ಟು. ಕೊನೆಯದು ಶೋರ್ಯೂಕೆನ್‌ನಂಥ ಮೈಗೆ ಏಟೇ ತಾಗದ ಪ್ರತಿದಾಳಿ. ಅದು ನಿಮ್ಮ ಒದೆಯನ್ನೂ ಎಸೆತವನ್ನೂ ಒಟ್ಟಿಗೇ ಮುರಿಯುತ್ತದೆ. ಅದಕ್ಕೆ ಮದ್ದು ಏನೂ ಮಾಡದಿರುವುದು. ಎದುರು ನಿಂತು ತಡೆಯಿರಿ, ಅವನು ಮೇಲೆ ಹಾರಿ ಕೆಳಗೆ ಬೀಳುವಾಗ ಬಾಗಿಲು ಪೂರ್ತಿ ತೆರೆದಿರುತ್ತದೆ.

ಆ ‘ಏನೂ ಮಾಡದಿರುವುದು’ ಎಲ್ಲಕ್ಕಿಂತ ಕಷ್ಟ. ಒಂದು ಸುಳಿವು ಕೊಡುತ್ತೇನೆ: ಎದುರಾಳಿಯ ಡ್ರೈವ್ ಪಟ್ಟಿ, ಅಂದರೆ ಇಂಥ ವಿಶೇಷ ವರಸೆಗಳಿಗೆ ಖರ್ಚಾಗುವ ಶಕ್ತಿಯ ಪಟ್ಟಿ, ನೋಡುತ್ತಿರಿ. ಒಟ್ಟು 6 ಮನೆ. ಆ ಬಗೆಯ ಶೋರ್ಯೂಕೆನ್‌ಗೆ 2 ಮನೆ ಬೇಕು. ಪಟ್ಟಿ ಬರಿದಾಗಿದ್ದರೆ ಪ್ಯಾರಿಯೂ ಇಲ್ಲ, ಅದೂ ಇಲ್ಲ. ಆಗ ಕೆಳಗಿರುವ, ಅತಿ ದೊಡ್ಡ ಏಟುಗಳಿಗೆ ಬೇಕಾದ ಸೂಪರ್ ಪಟ್ಟಿಯೊಂದನ್ನು ನೋಡಿಕೊಂಡರೆ ಸಾಕು. ನಾನು ಬಹಳ ದಿನ ಬರೀ ಪ್ರಾಣದ ಪಟ್ಟಿಯನ್ನೇ ನೋಡುತ್ತಿದ್ದೆ. ಇನ್ನೊಂದು ದಾರಿ ಸೇಫ್ ಜಂಪ್: ಅವನು ಏಳುವ ಗಳಿಗೆಗೆ ನಿಮ್ಮ ಹಾರುಏಟು ನೆಲ ಮುಟ್ಟುವ ಅಂಚಿನಲ್ಲಿರುವ ಹಾಗೆ ಲೆಕ್ಕ ಹಾಕಿ ಹಾರುವುದು. ಅವನು ಪ್ರತಿದಾಳಿ ಮಾಡಿದರೂ ಅಷ್ಟರಲ್ಲಿ ನೀವು ಇಳಿದು ತಡೆಯುತ್ತಿರುತ್ತೀರಿ. ಇದೊಂದನ್ನು ಕೂಡಿಸಿಕೊಳ್ಳಲು ನನಗೆ ಇಡೀ ಸೆಪ್ಟೆಂಬರ್ ಬೇಕಾಯಿತು.

ಹಳೆಯ ವಿಡಿಯೋಗಳ ಬಗ್ಗೆ ಎಚ್ಚರ. ಆಟ ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ. ಆ ವರ್ಷ ಮಾಡಿದ ಪಾಠಗಳೇ ಹುಡುಕಿದರೆ ಮೊದಲು ಸಿಗುತ್ತವೆ. 2024ರ ಮೇ ತಿಂಗಳ ಬದಲಾವಣೆಯ ನಂತರ, ಏಳುವಾಗಲೇ 2 ಮನೆ ಕೊಟ್ಟು ಡ್ರೈವ್ ರಿವರ್ಸಲ್ ಎಂಬ, ಆಚೆಗೆ ತಳ್ಳುವ ಪ್ರತಿದಾಳಿ ಮಾಡುವ ಅವಕಾಶ ಬಂದಿದೆ. ನನಗೆ ಅದು ಗೊತ್ತಿರಲಿಲ್ಲ. ಎಲ್ಲ ಸರಿಯಾಗಿ ಲೆಕ್ಕ ಹಾಕಿ ಇಟ್ಟ ಒದೆಯನ್ನು ಯಾರೋ ಅಪರಿಚಿತರು ಸೀಳಿಕೊಂಡು ಬಂದು ನನ್ನನ್ನು ಆಚೆಗೆ ತಳ್ಳಿದಾಗ, ನನ್ನ ಲೆಕ್ಕವೇ ತಪ್ಪಿದೆ ಎಂದು ಎರಡು ವಾರ ಉದ್ರಿ ಪುಸ್ತಕ ತಿದ್ದಿದೆ. ಯಾವುದೇ ಪಾಠ ನೋಡುವ ಮೊದಲು ಅದರ ತಾರೀಖು ನೋಡಿ.

ಇನ್ನು ಕಂಟ್ರೋಲರ್ ಪುರಾಣ. ದಿವಾನದ ಘಟನೆಯ ನಂತರ ಹಳೆಯದರ ಎಡಗಡೆಯ ಕಡ್ಡಿ ಸರಿಯಿರಲಿಲ್ಲ. ಕಡ್ಡಿಯೇ ಇಲ್ಲದ, ಬರೀ ಗುಂಡಿಗಳ ಹಲಗೆಯಂಥ ಲೀವರ್‌ಲೆಸ್ ಒಳ್ಳೆಯದೆಂದು ಅಳಿಯ ಹೇಳಿದ. ಟೈಪಿಂಗ್ ಕೈಗೆ ಅದು ಬೇಗ ಕೂಡಿಬರುತ್ತದೆ ಎಂದು ನನಗೂ ಅನ್ನಿಸಿತು. ಹೊರದೇಶದಿಂದ ತರಿಸಿದೆ, 6,200 ರೂಪಾಯಿ. ಹನ್ನೆರಡು ದಿನಕ್ಕೆ ಭಾರತ ಮುಟ್ಟಿತು, ಆಮೇಲೆ ಇಪ್ಪತ್ತಮೂರು ದಿನ ಕದಲಲಿಲ್ಲ. ಕೊರಿಯರ್ ಸಂಸ್ಥೆಯಿಂದ ಕೆ.ವೈ.ಸಿ. ಕೇಳಿ ಸಂದೇಶ ಬಂತು. ಆಧಾರ್ ಹಾಕಿದೆ, ತಿರಸ್ಕೃತ. ಪಾನ್ ಹಾಕಿದೆ, ಅದೂ ತಿರಸ್ಕೃತ. ಕಾರಣ ಹುಡುಕಿದರೆ, ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಮುಂದಿದೆ, ಪಾನ್‌ನಲ್ಲಿ ತಂದೆಯ ಹೆಸರು ಪೂರ್ತಿ ಬಿಡಿಸಿದೆ, ಪಾರ್ಸಲ್ ಮೇಲೆ ಇನಿಷಿಯಲ್ಲೇ ಇಲ್ಲ. ದಿನಕ್ಕೆ ಹತ್ತು ಜನರಿಗೆ ಇದೇ ವಿಷಯದಲ್ಲಿ ಬುದ್ಧಿ ಹೇಳಿ ಐವತ್ತು ರೂಪಾಯಿ ಪಡೆಯುವವನು ನಾನು. ಹೆಂಡತಿ ಬಹಳ ಸಂತೋಷಪಟ್ಟಳು. ಕೊನೆಗೆ ವಿಳಾಸದ ದಾಖಲೆ, ಖರೀದಿಯ ರಸೀದಿ, ‘ಇದು ಸ್ವಂತ ಬಳಕೆಗೆ’ ಎಂಬ ಒಂದು ಪತ್ರ, ಮೂರನ್ನೂ ಒಂದೇ ಪಿ.ಡಿ.ಎಫ್. ಮಾಡಿ ಕಳಿಸಿದ ಮೇಲೆ ಒಪ್ಪಿದರು. ಸುಂಕ ಮತ್ತು ನಿರ್ವಹಣೆ ಎಂದು ಮತ್ತೆ 2,850 ರೂಪಾಯಿ. ತರಿಸುವುದಾದರೆ ಆರ್ಡರ್ ಮಾಡುವಾಗಲೇ ಆಧಾರ್‌ನಲ್ಲಿರುವ ಹಾಗೆಯೇ, ಅಕ್ಷರ ಬಿಡದೆ, ಹೆಸರು ಹಾಕಿ. ಇಲ್ಲವೇ ಬೆಲೆ ಸ್ವಲ್ಪ ಹೆಚ್ಚಾದರೂ ಇಲ್ಲಿಯೇ ಸಿಗುವುದನ್ನು ಕೊಳ್ಳಿ.

ಉಳಿದ ಖರ್ಚನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಿಯಾಯಿತಿಯ ದಿನ ಕೊಂಡ ಆಟ 2,000. ಡಿ.ಟಿ.ಪಿ. ಕಂಪ್ಯೂಟರಿಗೆ ಬೇರೆಯವರು ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ 9,500. ಪಂದ್ಯಾವಳಿಯ ಪ್ರವೇಶ 500, ಇಬ್ಬರ ಬಸ್ಸು 1,250, ಊಟ, ಮೆಟ್ರೋ, ಆಟೋ ಸೇರಿ 400. ಕಾರ್ಡಿನ ವಿಷಯ ಹೆಂಡತಿಗೆ ‘ಅಂಗಡಿ ಕೆಲಸಕ್ಕೆ’ ಎಂದಿದ್ದೆ. ಒಂದು ವಾರದಲ್ಲಿ ಸಿಕ್ಕಿಬಿದ್ದೆ. “ರೀ, ನಲವತ್ತಾಗುತ್ತಾ ಬಂತು, ಇದೆಲ್ಲ ಬೇಕಾ?” ಎಂದಳು. 2023ರಲ್ಲಿ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ಕ್ಕೆ ಚಿನ್ನದ ಪದಕ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ ಎಂದು ತೋರಿಸಿದೆ. “ಅವರಿಗೆ ಪದಕ ಬಂತು” ಎಂದಳು. ಮಾತು ಅಲ್ಲಿಗೆ ನಿಂತಿತು.

ಪಂದ್ಯಾವಳಿ ಬೆಂಗಳೂರಿನಲ್ಲಿ, ನವೆಂಬರ್‌ನ ಒಂದು ಭಾನುವಾರ. ನೋಂದಣಿಗೆ ಹೆಸರು, ಫೋನ್ ಸಂಖ್ಯೆ, ವಯಸ್ಸಿನ ದಾಖಲೆ ಕೇಳಿದ್ದರು. ಈ ಸಲ ಯಾವ ಇನಿಷಿಯಲ್ಲೂ ಅಡ್ಡಬರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಅಳಿಯನೂ ನಾನೂ ಬಸ್ ಹತ್ತಿದೆವು. ಚನ್ನರಾಯಪಟ್ಟಣ ದಾಟುವ ತನಕ ಮಂಜು, ಕುಣಿಗಲ್‌ನಲ್ಲಿ ಬೆಳಕು, ನೆಲಮಂಗಲದಿಂದ ಆಚೆಗೆ ಬರೀ ವಾಹನ. ತೊಡೆಯ ಮೇಲಿನ ಹಲಗೆಯ ಗುಂಡಿಗಳನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ಅದು ಯಾವ ವಾದ್ಯ ಎಂದು ಕೇಳಿದರು.

ಅಲ್ಲಿ ಹೋಗಿ ನೋಡಿದರೆ ಎಲ್ಲ ಪ್ಲೇಸ್ಟೇಷನ್ 5. ನನ್ನ ಹಲಗೆ ಕಂಪ್ಯೂಟರಿಗೆ ಮಾತ್ರ. ಅಧಿಕೃತ ಪರವಾನಗಿ ಇಲ್ಲದ ಇಂಥ ಬಹಳಷ್ಟು ಕಂಟ್ರೋಲರ್‌ಗಳನ್ನು ಪ್ಲೇಸ್ಟೇಷನ್ 5 ನೇರವಾಗಿ ಒಪ್ಪುವುದಿಲ್ಲ, ನಡುವೆ ಒಂದು ಅಡಾಪ್ಟರ್ ಬೇಕು. 9,050 ರೂಪಾಯಿ ಕೊಟ್ಟು, ಮೂವತ್ತೈದು ದಿನ ಕಾದು ತರಿಸಿದ್ದನ್ನು ಚೀಲದಿಂದ ತೆಗೆದು ಮತ್ತೆ ಚೀಲಕ್ಕೇ ಹಾಕಿದೆ. ನಿಯಮಗಳ ಹಾಳೆಯಲ್ಲಿ ಯಾವ ಯಂತ್ರವೆಂದು ಬರೆದಿತ್ತು. ಊರಿನವರ ಅರ್ಜಿಯನ್ನೆಲ್ಲ ಓದುವ ನಾನು ಅದನ್ನು ಓದಿರಲಿಲ್ಲ. ಅಳಿಯನ ಕಂಟ್ರೋಲರ್ ಎರವಲು ಪಡೆದೆ. ನೀವು ಹೋಗುವುದಾದರೆ ಯಂತ್ರ ಯಾವುದು, ತಂತಿಯ ಕಂಟ್ರೋಲರ್ ಕಡ್ಡಾಯವೇ, ಎಡ ಮತ್ತು ಬಲ ಒಟ್ಟಿಗೆ ಒತ್ತಿದರೆ ಏನಾಗಬೇಕೆಂಬ ನಿಯಮವಿದೆಯೇ ಎಂದು ಮೊದಲೇ ಕೇಳಿ. ಕೂತ ಕೂಡಲೇ ಗುಂಡಿಗಳ ಹೊಂದಿಕೆ ಪರೀಕ್ಷಿಸಿ; ನಿಮಗಿಂತ ಮೊದಲು ಕೂತವನದ್ದೇ ಅಲ್ಲಿ ಉಳಿದಿರುತ್ತದೆ.

ಇನ್ನೊಂದು ಅಲ್ಲಿಯೇ ತಿಳಿಯಿತು. ಮನೆಯಲ್ಲಿ ನಾನು ಅಭ್ಯಾಸ ಮಾಡಿದ್ದು ಹಜಾರದ ಟಿ.ವಿ.ಯಲ್ಲಿ, ಗೇಮ್ ಮೋಡ್ ಹಾಕದೆ. ಚಿತ್ರವನ್ನು ಚೆಂದಗಾಣಿಸಲು ಟಿ.ವಿ. ತೆಗೆದುಕೊಳ್ಳುವ ಹೊತ್ತಿನಿಂದ ಎಲ್ಲವೂ ತಡವಾಗಿ ಕಾಣುತ್ತದೆ. ಅಲ್ಲಿನ ಮಾನಿಟರಿನಲ್ಲಿ ಎದುರಾಳಿ ಬೇಗ ಬೇಗ ಏಳುತ್ತಿದ್ದಾನೆ ಎನ್ನಿಸಿತು. ಕಣ್ಣಳತೆಯಲ್ಲಿ ಕಲಿತಿದ್ದ ನಾಲ್ಕಾರು ವರಸೆಗಳು ಮೊದಲ ಪಂದ್ಯದಲ್ಲೇ ಕೈಕೊಟ್ಟವು. ಕೂಡಿ ಕಳೆದು ಕಲಿತದ್ದು, ಆ ಚಿಮ್ಮು, ಗಾಳಿಗುದ್ದು, ಒದೆ, ಒಂದು ಕೂದಲೆಳೆಯೂ ಆಚೀಚೆಯಾಗಲಿಲ್ಲ. ಅದೊಂದರಿಂದಲೇ ಮೊದಲ ಪಂದ್ಯ ಗೆದ್ದೆ. ಎದುರಿಗಿದ್ದವರು ಕ್ಯಾಮಿ ಆಡುವ ಕಾಲೇಜು ಹುಡುಗಿ. ಮೂಲೆಯಲ್ಲಿ ಕೆಡವಿ, ಏಳುವಾಗ ಕೈಕಟ್ಟಿ ನಿಂತೆ. ಆಕೆ ಶೋರ್ಯೂಕೆನ್‌ನಂಥದ್ದೇ ಆದ ಕ್ಯಾನನ್ ಸ್ಪೈಕ್ ಹಾರಿಸಿದಳು, ತಡೆದೆ, ಬಿದ್ದಳು. ಎದ್ದು ಕೈಕುಲುಕಿ, “ಅಂಕಲ್, ಚೆನ್ನಾಗಿ ಕಾದಿರಿ” ಎಂದಳು. ಹಿಂದೆ ನಿಂತಿದ್ದ ಅಳಿಯ ನನ್ನ ಭುಜವನ್ನು ಅಷ್ಟು ಜೋರಾಗಿ ಹಿಡಿದಿದ್ದು ಅದೇ ಮೊದಲು.

ಎರಡು ಸಲ ಸೋತರೆ ಹೊರಗೆ ಎಂಬ ಪದ್ಧತಿ. ಎರಡನೇ ಪಂದ್ಯ ಝಾಂಗೀಫ್ ಎಂಬ ಕುಸ್ತಿ ಪೈಲ್ವಾನನನ್ನು ಆಡುವವನ ಎದುರು ಸೋತೆ. ಹೇಳಲು ಹೆಚ್ಚೇನಿಲ್ಲ, ಅವನು ಹಿಡಿದ, ನಾನು ಹೋದೆ. ಮೂರನೆಯದು ಗೆದ್ದೆ. ನಾಲ್ಕನೆಯದರಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗ. ಒಂದೊಂದು ಆಟ ಗೆದ್ದಿದ್ದೆವು. ಕೊನೆಯ ಆಟದ ಕೊನೆಯ ಸುತ್ತು. ಈ ಸಲ ಮೂಲೆಯಲ್ಲಿ ಬಿದ್ದಿದ್ದವನು ನಾನು. ಹುಡುಗ ನನ್ನ ಮುಂದೆ ಬಂದು ಗಾಳಿಗೆ ಒಂದು ಚಿಕ್ಕ ಗುದ್ದು ಹೊಡೆದ. ಆ ಗುದ್ದು ಯಾಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಹದಿಮೂರು ಹೋಯಿತು, ಈಗ ಒದೆ ಬರುತ್ತದೆ ಎಂದುಕೊಂಡು ಉಳಿದಿದ್ದ ಎರಡು ಮನೆಯನ್ನೂ ಸುರಿದು ಶೋರ್ಯೂಕೆನ್ ಹೊಡೆದೆ. ಒದೆ ಬರಲಿಲ್ಲ. ಅವನು ಏನೂ ಮಾಡದೆ ತಡೆದುಕೊಂಡು ನಿಂತಿದ್ದ. ನಾನು ಮೇಲೆ ಹೋಗಿ, ನಿಧಾನವಾಗಿ ಕೆಳಗೆ ಬರುತ್ತಿದ್ದೆ. ಆ ಇಳಿಯುವಿಕೆ ಬಹಳ ದೀರ್ಘವಾಗಿತ್ತು.

ರಾತ್ರಿ ಹನ್ನೊಂದಕ್ಕೆ ಹಾಸನ ಮುಟ್ಟಿದೆವು. ಮನೆಯಲ್ಲಿ ಅಪ್ಪ ಎಚ್ಚರವಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು, “ಬೆನ್ನು ಮಣ್ಣಿಗೆ ತಾಗಿತೋ?”

“ಎರಡು ಸಲ ಅಪ್ಪ.”

“ನೀನು ಎಷ್ಟು ಜನರದ್ದು ತಾಗಿಸಿದೆ?”

“ಇಬ್ಬರದ್ದು.”

“ಸರಿ ಹಾಗಾದರೆ” ಎಂದು ಎದ್ದು ಒಳಗೆ ಹೋದರು. ಅಡುಗೆಮನೆಯಿಂದ, “ಸಾರು ಬಿಸಿ ಮಾಡಮ್ಮ, ಬಂದರು” ಎನ್ನುವುದು ಕೇಳಿಸಿತು.